ವಜಾ ಆದದ್ದು ಅಬ್ಬಾನ ಕೇಸು

ಅತಾವುಲ್ಲಾ ಸುಸ್ತಾದ ಮನುಷ್ಯ. ಕಾಯಿಲೆಯ ಸುಸ್ತಲ್ಲ, ಫಾರಂ ತುಂಬಿ ತುಂಬಿ ಬಂದ ಸುಸ್ತು. ಮೈಸೂರಿನ ಮಂಡಿ ಮೊಹಲ್ಲಾದಿಂದ ಹೆಂಡತಿ ರೆಹಮತುನ್ನೀಸಾಳನ್ನು ಕರೆದುಕೊಂಡು ಸಿಯಾಟಲ್ ಕಡೆಗೆ ಬಂದು ಹದಿನೆಂಟು ವರ್ಷವಾಗಿತ್ತು. ಅದರಲ್ಲಿ ಹದಿನಾಲ್ಕು ವರ್ಷ ಗ್ರೀನ್ ಕಾರ್ಡಿನ ಸರದಿ ಕಾಯುವುದರಲ್ಲೇ ಕಳೆಯಿತು. ಆ ಹದಿನಾಲ್ಕು ವರ್ಷ ಅವನು ಬದುಕಿದ ರೀತಿ ನೋಡಿದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪಕ್ಕೆ ಕಾರು ನಿಲ್ಲಿಸಿ ಕೂರುತ್ತಿದ್ದ. ಲೈಬ್ರರಿ ಪುಸ್ತಕ ಒಂದು ದಿನ ತಡವಾದರೆ ಊಟ ಸೇರುತ್ತಿರಲಿಲ್ಲ. ಪಕ್ಕದ ಮನೆಯವರ ಸೇಬಿನ ಮರದ ಹಣ್ಣು ತನ್ನ ಅಂಗಳಕ್ಕೆ ಬಿದ್ದರೆ ಹೆಕ್ಕಿಕೊಂಡು ಹೋಗಿ ಅವರ ಬಾಗಿಲಲ್ಲಿಟ್ಟು ಬರುತ್ತಿದ್ದ. "ನಮ್ಮ ಫೈಲ್ ಮೇಲೆ ಒಂದು ಇಂಕಿನ ಚುಕ್ಕೆ ಬೀಳಬಾರ್ದು," ಎನ್ನುವುದು ಅವನು ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು.

ಇಂಥವನ ಮೇಲೆ ಕಳ್ಳತನದ ಕೇಸು ಬಿತ್ತು. ಅದೂ ಒಂದು ಜೊತೆ ಓಲೆಗೆ.

ಮನೆ ಸಿಯಾಟಲ್ ಹೊರಗಿನ ಇಸ್ಸಾಕ್ವಾದ ಗುಡ್ಡದ ಮೇಲೆ, ಕೆಲಸ ಊರೊಳಗಿನ ಫ್ರೀಮಾಂಟಿನಲ್ಲಿ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಮಗಳು ಅನಮ್ ಹುಟ್ಟಿದ್ದು ಇಲ್ಲೇ. ಅವಳ ಅಮ್ಮಿ ಅವಳೊಡನೆ ಉರ್ದು ಆಡುತ್ತಿದ್ದಳು, ಕನ್ನಡ ಶಾಲೆಯಲ್ಲಿ ಓದಿದ ಅಬ್ಬಾ ಹಟ ಹಿಡಿದು ಕನ್ನಡ ಆಡುತ್ತಿದ್ದ. ಅನಮ್ ಎರಡನ್ನೂ ಸಲೀಸಾಗಿ ಅರ್ಥ ಮಾಡಿಕೊಂಡು ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಈ ಕತೆಯಲ್ಲಿ ಅವಳಾಡುವ ಮಾತುಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನವೇ ಎಂದು ತಿಳಿಯಬೇಕು. ಒಂದು ಕಡೆ ಮಾತ್ರ ಹಾಗಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ರಂಜಾನ್ ಹಬ್ಬಕ್ಕೆ ಇನ್ನೆರಡು ದಿನ. ಅನಮ್‌ಗೆ ಆಗ ಹದಿನಾರು. ಬಟ್ಟೆ ಕೊಡಿಸಲು ಅವಳನ್ನು ಟಕ್ವಿಲಾದ ದೊಡ್ಡ ಮಾಲ್‌ಗೆ ಕರೆದುಕೊಂಡು ಹೋಗಿದ್ದ. ಒಂದು ಅಂಗಡಿಯಲ್ಲಿ ಬಟ್ಟೆ ಕೊಂಡಾಯಿತು. ಆ ಚೀಲ ಅತಾವುಲ್ಲಾನ ಕೈಯಲ್ಲಿತ್ತು. ಇನ್ನೊಂದು ಅಂಗಡಿಯಲ್ಲಿ ಅನಮ್ ಓಲೆ, ಬಳೆ ನೋಡುತ್ತ ನಿಂತಳು. ಬೆಳಗಿನಿಂದ ರೋಜಾದ ಉಪವಾಸದಲ್ಲಿದ್ದ ಅತಾವುಲ್ಲಾ ಬಾಯಿ ಒಣಗಿಸಿಕೊಂಡು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಆಫೀಸಿನ ಮೆಸೇಜು ನೋಡುತ್ತಿದ್ದ. ಹೊರಗೆ ಬರುವಾಗ ಬಾಗಿಲಲ್ಲಿ ಗಂಟೆ ಕೂಗಿಕೊಂಡಿತು. ಕಾವಲಿನವನು ಬಂದು ಚೀಲ ತೆಗೆದು ನೋಡಿದ. ಹೊಸ ಕುರ್ತಾದ ಮಡಿಕೆಯೊಳಗೆ ಒಂದು ಜೊತೆ ಓಲೆ, ಬೆಲೆಯ ಚೀಟಿಯ ಸಮೇತ.

ಇಬ್ಬರನ್ನೂ ಹಿಂದಿನ ಒಂದು ಕೋಣೆಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಪೊಲೀಸಿನವನು ಬಂದ. ಒರಟನೇನಲ್ಲ, ಕೂರಿ ಎಂದ, ನೀರು ಬೇಕೇ ಎಂದ. ಅತಾವುಲ್ಲಾ ಬೇಡವೆಂದು ತಲೆಯಾಡಿಸಿದ. "ಇದನ್ನು ಚೀಲಕ್ಕೆ ಹಾಕಿದ್ದು ಯಾರು?" ಎಂದು ಪೊಲೀಸಿನವನು ಕೇಳಿದ.

ಅತಾವುಲ್ಲಾ ಮಗಳ ಮುಖ ನೋಡಿದ. ಮತ್ತೇನೂ ಕೇಳುವ ಅಗತ್ಯ ಉಳಿಯಲಿಲ್ಲ. ಹುಡುಗಿಯ ತುಟಿ ಬೆಳ್ಳಗಾಗಿತ್ತು. ಅವಳ ಜೇಬಿನಲ್ಲಿ ಅಮ್ಮಿ ಕೊಟ್ಟ ಹಣವಿತ್ತು, ಬೇಕೆಂದಿದ್ದರೆ ಕೊಳ್ಳಬಹುದಿತ್ತು. ಶಾಲೆಯಲ್ಲಿ ಒಂದಿಬ್ಬರು ಹೀಗೆ ಮಾಡಿ ದಕ್ಕಿಸಿಕೊಂಡ ಕತೆ ಕೇಳಿ, ತಾನೂ ಒಂದು ಸಲ ನೋಡೋಣವೆಂದು ಮಾಡಿದ್ದು, ಅಷ್ಟೇ. ಆದರೆ ಆ ಕ್ಷಣದಲ್ಲಿ ಅತಾವುಲ್ಲಾನ ತಲೆಯಲ್ಲಿ ಓಡಿದ್ದು ಬೇರೆ. ಹೆಣ್ಣು ಮಗಳ ಹೆಸರು ಪೊಲೀಸ್ ಪುಸ್ತಕಕ್ಕೆ ಹೋದರೆ ಕಾಲೇಜು ಸಿಕ್ಕುವುದೇ? ನಾಳೆ ಯಾರಾದರೂ ಸಂಬಂಧ ಕೇಳಿಕೊಂಡು ಬಂದರೆ? ಮೈಸೂರಿನ ನೆಂಟರ ಕಿವಿಗೆ ಬಿದ್ದರೆ? ಹದಿನಾಲ್ಕು ವರ್ಷ ಕಾಪಾಡಿಕೊಂಡ ಫೈಲು ಆಗ ನೆನಪಿಗೇ ಬರಲಿಲ್ಲ.

"ನಾನೇ ಹಾಕಿದ್ದು ಸರ್. ನನ್ನದೇ ತಪ್ಪು, ಕ್ಷಮಿಸಿ," ಎಂದ. ಕೈ ಕೂಡ ಜೋಡಿಸಿದ.

ಮೈಸೂರಿನಲ್ಲಿ ಪೊಲೀಸಿನವರ ಮುಂದೆ ತಪ್ಪು ಮಾಡಿದವನೂ ಮಾಡದವನೂ ಹೇಳುವ ಮಾತು ಅದೊಂದೇ. ತಪ್ಪಾಯ್ತು ಸಾರ್ ಎಂದು ತಲೆ ತಗ್ಗಿಸಿದರೆ ನಾಲ್ಕು ಬೈಗುಳ ತಿಂದು ಮನೆ ಸೇರಬಹುದು, ಆ ಮಾತಿಗೆ ಅಲ್ಲಿ ಯಾರೂ ಅದಕ್ಕಿಂತ ಹೆಚ್ಚು ಬೆಲೆ ಕಟ್ಟುವುದಿಲ್ಲ. ಇಲ್ಲಿ ಪೊಲೀಸಿನವನು ಬೈಯಲಿಲ್ಲ. ಪ್ರತಿಯೊಂದು ಮಾತನ್ನೂ ನಿಧಾನವಾಗಿ ಬರೆದುಕೊಂಡ. ಅಂಗಡಿಯವರು ಚಾಚಿದ ತಪ್ಪೊಪ್ಪಿಗೆಯ ಕಾಗದಕ್ಕೂ ಅತಾವುಲ್ಲಾ ಓದದೆ ಸೈನ್ ಹಾಕಿದ. ಕೋರ್ಟಿಗೆ ಬರಬೇಕೆಂಬ ಚೀಟಿ ಕೊಟ್ಟು ಕಳಿಸಿದರು.

ಕಾರಿನಲ್ಲಿ ಅನಮ್, "ಅಬ್ಬಾ, ನಾನು..." ಎಂದು ಶುರು ಮಾಡಿದಳು.

"ಬಿಡು. ಮುಗೀತು," ಎಂದ ಅತಾವುಲ್ಲಾ. "ಇನ್ಮೇಲೆ ಈ ಮಾತು ಎತ್ತೋದು ಬೇಡ."

ರೋಜಾ ಇದ್ದ ಬಾಯಲ್ಲಿ ಸುಳ್ಳು ಹೇಳಿದ್ದು ಮಾತ್ರ ಅವನಿಗೆ ಚುಚ್ಚುತ್ತಿತ್ತು. ಹಬ್ಬ ಕಳೆದ ಮೇಲೆ ಆ ಒಂದು ದಿನದ ಬದಲಿಗೆ ಇನ್ನೊಂದು ದಿನ ಉಪವಾಸವಿದ್ದ. ಯಾಕೆಂದು ರೆಹಮತುನ್ನೀಸಾ ಕೇಳಿದಾಗ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು, "ಸರಿಯಾಗೇ ಮಾಡಿದ್ರಿ ಅನಮ್ ಅಬ್ಬಾ," ಎಂದಳು. "ನಮ್ಮದೇನು, ಅರ್ಧ ಆಯುಸ್ಸು ಕಳೀತು. ಮಗೂದು ಇನ್ನೂ ಶುರುವಾಗ್ಬೇಕು. ಅವಳ ಮುಂದೆ ಇದರ ಸುದ್ದಿ ಎತ್ತೋದೇ ಬೇಡ." ಗಂಡ ಹೆಂಡತಿ ಇಬ್ಬರೂ ಆ ಮಾತಿಗೆ ಕಟ್ಟುಬಿದ್ದರು. ಇಬ್ಬರೂ ತಪ್ಪಿದ್ದು ಅಲ್ಲೇ ಎಂದು ನನ್ನ ಎಣಿಕೆ, ಆದರೆ ಪ್ರೀತಿಯಿಂದ ತಪ್ಪುವವರಿಗೆ ಯಾರಿಂದ ಏನು ಹೇಳಲು ಆಗುತ್ತದೆ.

ವಕೀಲೆ ಮೇಘನಾ ಬೆಂಗಳೂರಿನ ಜಯನಗರದ ಹುಡುಗಿ, ಇಲ್ಲೇ ಓದಿ ಇಲ್ಲೇ ನೆಲೆಸಿದವಳು. ಟಕ್ವಿಲಾದಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಪೊಲೀಸ್ ವರದಿ ಓದಿ ಮುಗಿಸಿ ಕನ್ನಡಕ ತೆಗೆದಿಟ್ಟಳು.

"ಸಾರ್, ಅಂಗಡಿಯವರ ಕಾಗದಕ್ಕೆ ಯಾಕೆ ಸೈನ್ ಮಾಡಿದ್ರಿ?"

"ಮುಗೀಲಿ ಅಂತ."

"ಸೈನ್ ಮಾಡಿದ್ರೆ ಇಲ್ಲಿ ಮುಗಿಯಲ್ಲ ಸಾರ್, ಶುರುವಾಗುತ್ತೆ." ಅವಳು ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಮಗಳು ಜೊತೇಲಿದ್ಲು ಅಂತ ಬರೆದಿದೆ. ನಾನೇನೂ ಕೇಳ್ತಿಲ್ಲ, ನೀವೇನೂ ಹೇಳ್ಬೇಡಿ. ಸುಮ್ನೆ ತಿಳ್ಕೊಳ್ಳಿ ಅಂತ ಹೇಳ್ತೀನಿ. ಹದಿನಾರು ವರ್ಷದ ಮಗು ಮೊದಲನೇ ಸಲ ಇಂಥದ್ದು ಮಾಡಿದ್ರೆ ಸಾಮಾನ್ಯವಾಗಿ ಕೋರ್ಟಿಗೇ ಕರೆಯಲ್ಲ. ಏರಿಯಾದವರೇ ಮೂರ್ನಾಲ್ಕು ಜನ ಕೂತು ಮಾತಾಡಿಸ್ತಾರೆ. ಒಂದು ಕ್ಷಮಾಪಣೆ ಪತ್ರ ಬರೆಸ್ತಾರೆ, ನಾಲ್ಕು ಶನಿವಾರ ಎಲ್ಲಾದ್ರೂ ಕೆಲಸ ಮಾಡಿಸ್ತಾರೆ. ಹದಿನೆಂಟು ತುಂಬಿದ್ಮೇಲೆ ಆ ಕಾಗದಾನೇ ನಾಶ ಮಾಡ್ತಾರೆ. ಹಾಗೊಂದು ನಡೆದಿತ್ತು ಅನ್ನೋ ಗುರುತೂ ಉಳಿಯಲ್ಲ."

ಅತಾವುಲ್ಲಾ ಕಿಟಕಿಯ ಹೊರಗೆ ನೋಡಿದ. ಕೆಳಗೆ ಯಾರದೋ ಕಾರಿನ ಚಕ್ರ ಬಿಚ್ಚುತ್ತಿದ್ದರು. ನೀರು ಕೇಳಿ ಕುಡಿದ. ಆಮೇಲೆ, "ದೊಡ್ಡವರಿಗೆ?" ಎಂದ.

"ದೊಡ್ಡವರಿಗೂ ಡೈವರ್ಷನ್ ಇದೆ. ಅದನ್ನ ಕೇಳ್ತೀನಿ. ಒಂದು ವರ್ಷ ಸರಿಯಾಗಿದ್ದು, ಅವರು ಹೇಳಿದ ಕೆಲಸ ಮಾಡಿದ್ರೆ ಕೇಸು ವಜಾ."

ಡೈವರ್ಷನ್ ಎಂದರೆ ರಸ್ತೆ ಅಗೆದಾಗ ನಿಲ್ಲಿಸುವ ಬೋರ್ಡು ಎಂದಷ್ಟೇ ಅವನಿಗೆ ಗೊತ್ತಿತ್ತು. "ವಜಾ ಆದ್ರೆ ರೆಕಾರ್ಡು ಕ್ಲೀನ್ ತಾನೇ?"

"ಅಪರಾಧಿ ಅಂತ ತೀರ್ಪು ಬರಲ್ಲ. ಆದ್ರೆ ಕೇಸು ಹಾಕಿದ್ರು ಅನ್ನೋದು ಉಳಿಯುತ್ತೆ. ಅಳಿಸಿ ಅಂತ ಪೊಲೀಸಿನವರನ್ನ ಆಮೇಲೆ ಕೇಳ್ಬಹುದು, ಡೈವರ್ಷನ್ನಲ್ಲಿ ಮುಗಿದಿದ್ದು ಅಂತ ಅಳಿಸದೇ ಇರೋ ಹಕ್ಕು ಅವರಿಗೂ ಇದೆ. ಇನ್ನೊಂದು, ಕೋರ್ಟಲ್ಲಿ ನಾನು ಹೇಳಿದಷ್ಟೇ ಮಾತಾಡಿ. ಅಲ್ಲಿ ಮತ್ತೆ ತಪ್ಪು ಒಪ್ಕೊಂಡ್ರೆ ಊರಿನ ಕೋರ್ಟು ವಜಾ ಮಾಡಿದ್ರೂ ಇಮಿಗ್ರೇಷನ್ನವರು ಅದನ್ನ ಶಿಕ್ಷೆ ಆದ ಹಾಗೇ ಅಂತ ಹಿಡೀಬಹುದು. ಸಿಟಿಜನ್‌ಶಿಪ್ ಇರ್ಲಿ, ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ದಯವಿಟ್ಟು ಸಾರಿ ಅನ್ಬೇಡಿ ಸಾರ್."

ಅವನು ಅನ್ನಲಿಲ್ಲ. ಮೇಘನಾ ತಪ್ಪೊಪ್ಪಿಗೆ ಎಲ್ಲೂ ಬರದ ಹಾಗೆ ಬಲು ಜಾಣತನದಿಂದ ಡೈವರ್ಷನ್ನಿನ ಒಪ್ಪಂದದ ಮಾತುಗಳನ್ನು ಹೆಣೆದಳು. ಮಗಳ ತಪ್ಪು ತನ್ನದೆಂದು ಹೇಳಿಯಾಗಿತ್ತು, ಈಗ ತನ್ನದಾದ ತಪ್ಪನ್ನು ತನ್ನದೆಂದು ಹೇಳುವ ಹಾಗೂ ಇರಲಿಲ್ಲ. ಇದರ ತಲೆಬುಡ ಯೋಚಿಸುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ, ನ್ಯಾಯಾಧೀಶರ ಮುಂದೆ ನಿಂತು ಹೌದು, ಇಲ್ಲ ಎಂದಷ್ಟೇ ಹೇಳಿ ಬಂದ.

ಆ ವರ್ಷದ ಶನಿವಾರಗಳು ಕೋರ್ಟು ಹೇಳಿದ ಕೆಲಸದಲ್ಲಿ ಹೋದವು. ಬಡವರಿಗೆ ದಿನಸಿ ಹಂಚುವ ಇಸ್ಸಾಕ್ವಾದ ಒಂದು ಕೇಂದ್ರದಲ್ಲಿ ಡಬ್ಬಿಗಳನ್ನು ಬೇರೆ ಬೇರೆ ಮಾಡಿ ಜೋಡಿಸುವುದು ಅವನ ಪಾಲಿನ ಕೆಲಸ. ಬಟಾಣಿ ಒಂದು ಕಡೆ, ಜೋಳ ಒಂದು ಕಡೆ, ತಾರೀಖು ದಾಟಿದವು ಇನ್ನೊಂದು ಕಡೆ. ಸೊಂಟ ಹಿಡಿದುಕೊಳ್ಳುತ್ತಿತ್ತು. ಒಂದು ಶನಿವಾರ ಅಲ್ಲಿಗೆ ಹಳೆಯ ಬಟ್ಟೆ ಕೊಡಲು ಬಂದವನು ಲಕ್ಷ್ಮೀಕಾಂತ. ಕನ್ನಡ ಸಂಘದ ಕಾರ್ಯದರ್ಶಿ, ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸುಮ್ಮನಿರದು.

"ಏನ್ ಸಾರ್ ಇದು! ಯಾರಿಗೂ ಹೇಳ್ದೆ ಇಂಥ ಸೇವೆ ಮಾಡ್ತಿದೀರಾ?"

ಅತಾವುಲ್ಲಾ ಏನು ಹೇಳಿಯಾನು. ಕೋರ್ಟು ಹೇಳಿದೆ ಎನ್ನುವುದೇ? ಒಂದು ನಗೆ ನಕ್ಕ. ಲಕ್ಷ್ಮೀಕಾಂತ ಅದನ್ನು ವಿನಯವೆಂದು ತಿಳಿದು ಫೋಟೋ ತೆಗೆದ. ಸಂಜೆಯ ಹೊತ್ತಿಗೆ ಆ ಫೋಟೋ ಸಂಘದ ವಾಟ್ಸಾಪ್ ಗುಂಪಿನಲ್ಲಿತ್ತು, ಕೆಳಗೆ ನೂರಾರು ಕೈಮುಗಿದ ಚಿತ್ರಗಳು. ನಮ್ಮವರಿಗೆ ಸನ್ಮಾನದ ಚಟ ಎಂಥದೆಂದು ನಿಮಗೂ ಗೊತ್ತು. ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಬೇಡವೆಂದು ಎಷ್ಟು ಗೋಗರೆದರೂ ಬಿಡಲಿಲ್ಲ. ಒಂದು ಶಾಲೆಯ ಸಭಾಂಗಣದಲ್ಲಿ, ಮಧ್ಯಾಹ್ನ ಬಿಸಿಬೇಳೆಬಾತಿನ ಊಟ ಮುಗಿದ ಮೇಲೆ, ಅತಾವುಲ್ಲಾನನ್ನು ವೇದಿಕೆಗೆ ಹತ್ತಿಸಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. "ಎಲೆಮರೆಯ ಕಾಯಿಯಂತೆ ಇದ್ದು ಸಮಾಜಸೇವೆ ಮಾಡುತ್ತಿರುವ ನಮ್ಮ ಮೈಸೂರಿನ ಹೆಮ್ಮೆ," ಎಂದು ಲಕ್ಷ್ಮೀಕಾಂತ ಮೈಕಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು. ಪೇಟ ಹಣೆಗೆ ಬಿಗಿಯಾಗಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ಅನಮ್ ಎದ್ದು ಹೊರಗೆ ಹೋದದ್ದು ಅವನಿಗೆ ವೇದಿಕೆಯಿಂದಲೇ ಕಂಡಿತು.

ಶಾಲು ತೆಗೆಯಲೂ ನೆನಪಾಗದೆ ಹಿಂದೆಯೇ ಹೋದ. ಅವಳು ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ನಿಂತಿದ್ದಳು.

"ನಿಮ್ಮನ್ನ ಅಲ್ಲಿ ಮೇಲೆ ನಿಲ್ಲಿಸಿದ್ದು ನನಗೆ ಬರಬೇಕಿದ್ದ ಶಿಕ್ಷೆಗೆ ಅಬ್ಬಾ," ಎಂದಳು. "ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಬೇಕಿತ್ತಾ?"

"ಮುಗಿದಿರೋದನ್ನ ಯಾಕೆ ಕೆದಕ್ತೀಯ ಮಗಳೇ?"

ಅವಳು ಅವನನ್ನು ನೋಡಿದಳು. ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು.

ಆಮೇಲೆ ಅನಮ್ ಬೇರೆಯೇ ಹುಡುಗಿಯಾದಳು. ಓದಿನಲ್ಲಿ ಹಿಂದೆ ಬೀಳಲಿಲ್ಲ, ಎದುರು ಮಾತಾಡಲಿಲ್ಲ, ಹಾಗಾಗಿ ಅಪ್ಪ ಅಮ್ಮ ಎಲ್ಲ ಸರಿಯಿದೆ ಎಂದುಕೊಂಡರು. ಆದರೆ ಅಂಗಡಿಯೊಳಗೆ ಕಾಲಿಡುವುದನ್ನು ನಿಲ್ಲಿಸಿದಳು. ಹಾಲು ತರಲು ಹೋದರೂ ಅವಳು ಕಾರಿನಲ್ಲೇ ಕೂರುವಳು. ಓಲೆ ಹಾಕುವುದನ್ನು ಬಿಟ್ಟಳು. ಹಬ್ಬದ ದಿನ ರೆಹಮತುನ್ನೀಸಾ ತನ್ನ ಜುಮುಕಿ ಹಿಡಿದು ಹಿಂದೆ ಬಿದ್ದರೂ ಬೇಡವೆಂದಳು. ಒಂದು ದಿನ ಮಗಳ ಕೂದಲು ಬಾಚುತ್ತಿದ್ದ ರೆಹಮತುನ್ನೀಸಾ ಗಂಡನನ್ನು ಕರೆದು ಅವಳ ಕಿವಿ ತೋರಿಸಿದಳು. ಚುಚ್ಚಿಸಿದ ತೂತು ಮುಚ್ಚಿಹೋಗುತ್ತಿತ್ತು. ಇಬ್ಬರೂ ಏನೂ ಅನ್ನಲಿಲ್ಲ, ಯಾಕೆಂದರೆ ಅನ್ನುವುದಿಲ್ಲವೆಂದು ಮಾತಾಗಿತ್ತು.

ಜೂನ್ ತಿಂಗಳಲ್ಲಿ ಕೇಸು ವಜಾ ಆಯಿತು. ಕೋರ್ಟಿನ ಮೊಹರಿದ್ದ ಕಾಗದವನ್ನು ಅತಾವುಲ್ಲಾ ಊಟದ ಮೇಜಿನ ಮೇಲಿಟ್ಟ. ರೆಹಮತುನ್ನೀಸಾ ಶಾವಿಗೆ ಪಾಯಸ ಮಾಡಿದಳು. ಅನಮ್ ಕಾಗದವನ್ನು ಎರಡು ಸಲ ಓದಿ, ಮಡಿಕೆಯ ಗೆರೆ ತಪ್ಪದ ಹಾಗೆ ಮಡಿಸಿ ಅಬ್ಬಾನ ಕೈಗೆ ಕೊಟ್ಟು ಮಹಡಿ ಹತ್ತಿದಳು. ಪಾಯಸ ಹಾಗೇ ಉಳಿಯಿತು.

ಅಷ್ಟರಲ್ಲಿ ಗ್ರೀನ್ ಕಾರ್ಡು ಬಂದು ಐದು ವರ್ಷವಾಗಿ ಪೌರತ್ವಕ್ಕೆ ಅರ್ಜಿ ಹಾಕುವ ಕಾಲ ಬಂತು. ಇಪ್ಪತ್ತು ವರ್ಷದ ಕಾಯುವಿಕೆಗೆ ಇದೇ ಕೊನೆಯ ಫಾರಂ. ಇದು ಮುಗಿದರೆ ಇನ್ನು ಯಾವ ಕೌಂಟರಿನ ಮುಂದೆಯೂ ಉಗುಳು ನುಂಗಿಕೊಂಡು ನಿಲ್ಲಬೇಕಾಗಿಲ್ಲ. ಅತಾವುಲ್ಲಾ ಬಯಸಿದ್ದು ಅದೊಂದನ್ನೇ. ಆದರೆ ಫಾರಂ ಕೇಳಿತು: ಎಂದಾದರೂ ನಿಮ್ಮ ಮೇಲೆ ಕೇಸು ಬಿದ್ದಿತ್ತೇ, ಎಂದಾದರೂ ಡೈವರ್ಷನ್ನಿನಲ್ಲಿ ಇದ್ದಿರಾ? ಕೇಸು ವಜಾ ಆಗಿದ್ದರೂ, ದಾಖಲೆ ಅಳಿಸಿದ್ದರೂ ಹೇಳಲೇಬೇಕು. ಅವನು ಹೌದು ಎಂದು ಗುರುತು ಹಾಕಿ, ವಜಾ ಆದ ಕಾಗದ ಲಗತ್ತಿಸಿದ. ಸಂದರ್ಶನದ ದಿನ ಗೊತ್ತಾಗುವ ಹೊತ್ತಿಗೆ ಮುಂದಿನ ವರ್ಷದ ಜುಲೈ ಬಂದಿತ್ತು.

ಅದಕ್ಕೆ ಮುಂಚೆ ಮತ್ತೆ ಟೈರ್ ಅಂಗಡಿಯ ಮಹಡಿ ಹತ್ತಿದ. ಮೇಘನಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಆಶ್ಚರ್ಯಪಡಲಿಲ್ಲ.

"ಅಲ್ಲಿ ಬಲಗೈ ಎತ್ತಿಸಿ ಪ್ರಮಾಣ ಮಾಡಿಸ್ತಾರೆ ಸಾರ್. ಆಮೇಲೆ ಏನಾಯ್ತು ಹೇಳಿ ಅಂತಾರೆ. ನಾನೇ ಹಾಕಿದೆ ಅಂದ್ರೆ ಅದು ಪ್ರಮಾಣ ಮಾಡಿ ಹೇಳಿದ ಸುಳ್ಳು. ನೀವು ಅದನ್ನ ಹೇಳೋದಾದ್ರೆ ನಾನು ನಿಮ್ಮ ಪಕ್ಕ ಕೂರಕ್ಕಾಗಲ್ಲ. ನಿಜ ಹೇಳಿದ್ರೆ ಅವತ್ತು ಪೊಲೀಸಿಗೆ ಸುಳ್ಳು ಹೇಳಿದ್ದನ್ನ ಒಪ್ಕೊಂಡ ಹಾಗೆ. ಅದಕ್ಕೇ ಅರ್ಜಿ ತಿರಸ್ಕಾರ ಆಗ್ಬಹುದು."

"ಅನಮ್‌ಗೆ?"

"ಎರಡು ವರ್ಷ ದಾಟಿದೆ. ಅವಳ ಮೇಲೆ ಇನ್ನು ಕೇಸು ಹಾಕಕ್ಕಾಗಲ್ಲ. ಅವಳಿಗೇನೂ ಆಗಲ್ಲ. ಆಗೋದಿದ್ರೆ ನಿಮಗೇ."

ಅತಾವುಲ್ಲಾ ಹಣೆ ತಿಕ್ಕಿಕೊಂಡ. "ನೀವು ಬರೋದು ಬೇಡ ಬಿಡಮ್ಮ. ನಾನೊಬ್ಬನೇ ಹೋಗ್ತೀನಿ." ಅವನು ತೀರ್ಮಾನಿಸಿದ್ದು ಇಷ್ಟು: ಎರಡು ವರ್ಷದ ಹಿಂದೆ ಪೊಲೀಸಿನವನ ಮುಂದೆ ಹೇಳಿದ ಮಾತನ್ನು ಇನ್ನೊಂದೇ ಸಲ ಹೇಳುವುದು. ಆಮೇಲೆ ಮಲಗಿ ನಿದ್ದೆ ಮಾಡುವುದು.

ಸಂದರ್ಶನದ ದಿನ ಅನಮ್ ತಾನೇ ಡ್ರೈವ್ ಮಾಡಿಕೊಂಡು ಬಂದಳು. ಆ ಆಫೀಸೂ ಟಕ್ವಿಲಾದಲ್ಲೇ, ಮಾಲ್ ದಾಟಿ ಸ್ವಲ್ಪ ದೂರ. ಮಾಲಿನ ಬೋರ್ಡು ಕಂಡಾಗ ಇಬ್ಬರೂ ನೇರ ರಸ್ತೆಯನ್ನೇ ನೋಡುತ್ತಿದ್ದರು. ಅರ್ಧ ಗಂಟೆ ಮೊದಲೇ ಬಂದು ಪಾರ್ಕ್ ಮಾಡಿ ಕೂತರು.

"ಒಳಗೆ ಏನು ಹೇಳ್ತೀರಿ?" ಎಂದು ಅನಮ್ ಕೇಳಿದಳು.

"ಮೊದಲು ಹೇಳಿದ್ದೇ."

ಅವಳು ಸ್ಟಿಯರಿಂಗ್ ಬಿಡದೆ ಹಿಡಿದಿದ್ದಳು. ಎಂಜಿನ್ ನಿಂತು ಎಷ್ಟೋ ಹೊತ್ತಾಗಿತ್ತು. "ನನ್ನ ಕ್ಲಾಸಿನಲ್ಲಿ ಒಬ್ಬಳಿದ್ದಳು," ಎಂದಳು. "ನಾನು ಮಾಡಿದ್ದನ್ನೇ ಮಾಡಿ ಸಿಕ್ಕಿಬಿದ್ದಿದ್ದಳು. ಅವಳ ಅಮ್ಮ ಎರಡು ಏಟು ಹಾಕೋದೊಂದು ಬಾಕಿ. ಮಾರನೇ ತಿಂಗಳು ನಾಲ್ಕು ಜನರ ಮುಂದೆ ಕೂರಿಸಿದ್ರು. ಯಾಕೆ ಮಾಡಿದೆ ಅಂತ ಕೇಳಿದ್ರು, ಅವಳು ಹೇಳಿದಳು, ಅತ್ತಳು. ಅಂಗಡಿಗೆ ಪತ್ರ ಬರೆದಳು. ಎಂಟು ಶನಿವಾರ ಪಾರ್ಕ್ ಗುಡಿಸಿದಳು. ಈಗ ಅದನ್ನ ಹೇಳ್ಕೊಂಡು ನಗ್ತಾಳೆ. ನನ್ನನ್ನ ಯಾರೂ ಏನೂ ಕೇಳಲೇ ಇಲ್ಲ."

ಆಮೇಲೆ ಅವಳು ಕನ್ನಡದಲ್ಲಿ ಮಾತಾಡಿದಳು. ಚಿಕ್ಕಂದಿನಲ್ಲಿ ಬಿಟ್ಟ ಮಾತುಗಳನ್ನು ಒಂದೊಂದಾಗಿ ಹುಡುಕಿ ತೆಗೆದಳು.

"ನಿಮ್ಮ ಕೇಸು ವಜಾ ಆಯ್ತು ಅಬ್ಬಾ. ನಂದು?"

"ನಿನ್ನ ಮೇಲೆ ಕೇಸೇ ಇಲ್ವಲ್ಲ ಮಗಳೇ."

"ಅದೇ ಅಬ್ಬಾ," ಎಂದಳು ಅನಮ್. "ಅದೇ."

ಒಳಗೆ ಸಂದರ್ಶನ ಮಾಡಿದಾಕೆ ವಯಸ್ಸಾದ ಹೆಂಗಸು, ಮೇಜಿನ ಮೇಲೆ ಮೊಮ್ಮಕ್ಕಳ ಫೋಟೋ. ಬಲಗೈ ಎತ್ತಿ ಪ್ರಮಾಣ ಮಾಡಿಸಿದಳು. ಹೆಸರು, ವಿಳಾಸ, ಕೆಲಸ, ಪ್ರಯಾಣ, ತೆರಿಗೆ. ದೇಶದ ಇತಿಹಾಸದ ಪ್ರಶ್ನೆಗಳಿಗೆ ತಪ್ಪಿಲ್ಲದೆ ಉತ್ತರ ಕೊಟ್ಟ. ಆಮೇಲೆ ಆಕೆ ಕೋರ್ಟಿನ ಕಾಗದ ಎತ್ತಿಕೊಂಡು, ಇದೇನಾಯಿತು, ನಿಮ್ಮ ಮಾತಿನಲ್ಲೇ ಹೇಳಿ ಎಂದಳು.

ಎರಡು ವರ್ಷದಿಂದ ಬಾಯಿಪಾಠವಾಗಿದ್ದ ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ಅಂದು ರೋಜಾ ಇದ್ದಾಗಿನ ಹಾಗೆಯೇ ಒಣಗಿತ್ತು. "ಅದೇ" ಎಂದ ಮಗಳ ದನಿ ಇನ್ನೂ ಕಿವಿಯಲ್ಲಿತ್ತು. ಇಪ್ಪತ್ತು ವರ್ಷ ಕಾಪಾಡಿದ ಫೈಲು ಎದುರಿಗೇ, ಆಕೆಯ ಮೊಣಕೈಯ ಪಕ್ಕದಲ್ಲಿತ್ತು.

"ಓಲೆಯನ್ನು ಚೀಲಕ್ಕೆ ಹಾಕಿದ್ದು ನಾನಲ್ಲ," ಎಂದ ಅತಾವುಲ್ಲಾ. "ನನ್ನ ಮಗಳು. ಆಗ ಅವಳಿಗೆ ಹದಿನಾರು."

ಆಕೆಯ ಬೆರಳು ಕೀಲಿಮಣೆಯ ಮೇಲೆ ನಿಂತಿತು. "ಹಾಗಾದರೆ ಪೊಲೀಸಿನವರಿಗೆ ನೀವು ಹೇಳಿದ್ದು ಸುಳ್ಳು?"

"ಹೌದು."

"ಯಾಕೆ?"

"ಅವಳ ಹೆಸರು ಉಳಿಸಬೇಕು ಎಂದುಕೊಂಡೆ. ಇಲ್ಲಿ ಮಕ್ಕಳಿಗೆ ಬೇರೆ ದಾರಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು." ಆ ಮಾತನ್ನು ಅವನು ಈ ದೇಶದಲ್ಲಿ ನಿಜವಾಗಿ ಹೇಳಿದ್ದು ಅದೇ ಮೊದಲು. ಆಕೆ ಮಗಳ ಹೆಸರು ಕೇಳಿದಳು, ಪೂರ್ತಿ ಹೆಸರು ಹೇಳಿದ. ಆಕೆ ಬಹಳ ಹೊತ್ತು ಬರೆದುಕೊಂಡಳು. ಇವತ್ತು ತೀರ್ಮಾನ ಹೇಳಲು ಆಗುವುದಿಲ್ಲ, ಪತ್ರ ಬರುತ್ತದೆ ಎಂದು ಎದ್ದು ನಿಂತಳು. ಕೈ ಕುಲುಕಲಿಲ್ಲ, ಆದರೆ ಬಾಗಿಲು ತಾನೇ ತೆರೆದು ಹಿಡಿದಳು.

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತ, "ಹೇಳ್ದೆ," ಎಂದ.

"ನನ್ನ ಹೆಸರು?"

"ಹೇಳ್ದೆ. ಬರ್ಕೊಂಡ್ರು."

ಅನಮ್ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತಳು. ಎರಡು ವರ್ಷದ ಅಳು, ಬೇಗ ಮುಗಿಯಲಿಲ್ಲ. ಅತಾವುಲ್ಲಾ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಇವಳನ್ನು ಉಳಿಸಿದೆ ಎಂದುಕೊಂಡು ಇಷ್ಟು ದಿನ ಇವಳ ಬಾಯಿ ಕಟ್ಟಿಹಾಕಿದ್ದೆನಲ್ಲ ಎಂದು ಅವನಿಗೆ ಈಗ ಹೊಳೆಯಿತು. ಆಮೇಲೆ ಅವಳು ಮುಖ ಒರೆಸಿಕೊಂಡು ಕಾರನ್ನು ಮಾಲಿನ ಕಡೆ ತಿರುಗಿಸಿದಳು.

ಈ ಸಲ ಕಾರಿನಲ್ಲಿ ಕೂತಿದ್ದವನು ಅವನು, ಅಂಗಡಿಗೆ ಹೋದವಳು ಅವಳು. ಹತ್ತು ನಿಮಿಷಕ್ಕೆ ಹೊರಗೆ ಬಂದಳು.

"ಏನಂದ್ರು?"

"ನಾನೇ ಕದ್ದದ್ದು ಅಂತ ಹೇಳಿ ಸಾರಿ ಕೇಳಿದೆ. ಕೌಂಟರಿನಲ್ಲಿದ್ದವಳು ಹೋದ ತಿಂಗಳು ಸೇರಿದವಳಂತೆ. ಪಾಪ, ಏನು ಹೇಳಬೇಕೋ ಗೊತ್ತಾಗದೆ ಪರವಾಗಿಲ್ಲ ಅಂದಳು. ಆಮೇಲೆ ಖಾಯಂ ಗಿರಾಕಿಗಳ ಲಾಯಲ್ಟಿ ಕಾರ್ಡ್ ಬೇಕಾ ಅಂತ ಕೇಳಿದಳು."

ಅತಾವುಲ್ಲಾನಿಗೆ ನಗು ತಡೆಯಲಾಗಲಿಲ್ಲ. ಅವಳೂ ಮೂಗು ಸೊರಸೊರ ಎನಿಸುತ್ತಲೇ ನಕ್ಕಳು. ಮನೆಗೆ ಹೋಗುವ ದಾರಿಯಲ್ಲಿ ಹಾಲು ಬೇಕಿತ್ತು. ಅನಮ್ ಇಳಿದು ಹೋಗಿ ತಂದಳು.

ಸೆಪ್ಟೆಂಬರಿನಲ್ಲಿ ಪತ್ರ ಬಂತು. ಅರ್ಜಿ ತಿರಸ್ಕಾರವಾಗಿತ್ತು. ಪೊಲೀಸ್ ಅಧಿಕಾರಿಗೆ ಸುಳ್ಳು ಹೇಳಿದ್ದರಿಂದ ಸದ್ಯಕ್ಕೆ ಪೌರತ್ವ ಕೊಡಲಾಗದು, ಮುಂದೆ ಮತ್ತೆ ಅರ್ಜಿ ಹಾಕಬಹುದು ಎಂದು ಎರಡು ಪುಟ ಬರೆದಿದ್ದರು. ಗ್ರೀನ್ ಕಾರ್ಡಿಗೆ ತೊಂದರೆಯಿಲ್ಲ, ಎರಡು ಮೂರು ವರ್ಷ ಬಿಟ್ಟು ಹಾಕೋಣ ಎಂದು ಮೇಘನಾ ಫೋನಿನಲ್ಲಿ ಸಮಾಧಾನ ಹೇಳಿದಳು. ರೆಹಮತುನ್ನೀಸಾ ತಲೆಗೆ ಕೈ ಹೊತ್ತು ಕೂತಳು. ಆಗಷ್ಟೇ ಸೇರಿದ್ದ ಯೂನಿವರ್ಸಿಟಿಯಿಂದ ಆ ವಾರದ ಕೊನೆಗೆ ಬಂದ ಅನಮ್ ಮೇಜಿನ ಮೇಲಿದ್ದ ಪತ್ರ ನೋಡಿದಳು. ಅವಳ ತುಟಿ ಮತ್ತೆ ಅಂದಿನ ಹಾಗೆ ಬೆಳ್ಳಗಾಯಿತು.

"ನನ್ನಿಂದ," ಎಂದಳು.

"ನಿನ್ನಿಂದಲ್ಲ. ಓದು," ಎಂದ ಅತಾವುಲ್ಲಾ. "ನಿನ್ನ ಹೆಸರೇ ಇಲ್ಲ ಇದರಲ್ಲಿ. ನಾನು ಹೇಳಿದ ಸುಳ್ಳಿಗೆ ಬಂದಿರೋದು. ನಿಂದು ನೀನು ಹೋಗಿ ಮುಗಿಸ್ಕೊಂಡು ಬಂದೆ. ಇದು ನನ್ನ ಕೇಸು, ನಾನು ಮುಗಿಸ್ಕೋತೀನಿ."

ಅನಮ್ ನಿಂತುಕೊಂಡೇ ಎರಡೂ ಪುಟ ಓದಿದಳು. ಇಲ್ಲ, ನಾನೇ ಹೊತ್ತುಕೊಳ್ಳುತ್ತೇನೆ ಎಂದು ಅವಳು ಹೇಳಲಿಲ್ಲ. ಹೇಳಿಬಿಟ್ಟಾಳೆಂದು ಅವನು ಒಳಗೊಳಗೇ ಹೆದರಿದ್ದ. ಅವಳು ಪತ್ರ ಮಡಿಸಿ ಅವನ ಕೈಗೆ ವಾಪಸ್ ಕೊಟ್ಟಳು. "ಮುಂದಿನ ಸಲ ಫಾರಂ ನಾನು ತುಂಬಿ ಕೊಡ್ತೀನಿ. ನೀವು ಸೈನ್ ಹಾಕೋ ಮೊದಲು ಓದಿ, ಸಾಕು," ಎಂದಳು.

ಅತಾವುಲ್ಲಾ ಬೀರುವಿನಿಂದ ಹಳೆಯ ಫೈಲು ತೆಗೆದು, ವಜಾ ಆದ ಕಾಗದದ ಹಿಂದೆ ಈ ಪತ್ರವನ್ನು ಸೇರಿಸಿದ. ಅಡಿಗೆಮನೆಯಲ್ಲಿ ಅನಮ್ ಅಮ್ಮಿಯ ಮುಂದೆ ಕೂತು, ಕಿವಿ ಮತ್ತೆ ಚುಚ್ಚಿಸಬೇಕು, ಎಲ್ಲಿ ಚುಚ್ಚುತ್ತಾರೆ ಎಂದು ಕೇಳುತ್ತಿದ್ದಳು. ಅವನು ಫೈಲನ್ನು ಒಳಗಿಟ್ಟು ಬೀರುವಿನ ಬಾಗಿಲು ಹಾಕಿದ. ಆಮೇಲೆ ಸೋಫಾದ ಮೇಲೆ ಕಾಲು ಚಾಚಿದವನು ಅಲ್ಲೇ ನಿದ್ದೆ ಹೋದ.